ಮೆಣಸಿನಕಾಯಿ ಎಂಬ ಅಡ್ಡಹೆಸರು



ಮಠಗಳಲ್ಲಿ ದಾಸೋಹಕ್ಕೆ ಕಾಣಿಕೆ ಸಲ್ಲಿಸಿದ ಸದ್ಭಕ್ತರ ಹೆಸರುಗಳನ್ನು ಸಭೆಯ ಮುಂದೆ ಓದುವ ಪದ್ಧತಿಯುಂಟು. ಪಾಟೀಲ, ದೇಸಾಯಿ, ಹಿರೇಮಠ ಎಂಬ ಹೆಸರುಗಳು ಬಂದಾಗ ಸಭೆಯು ಸುಮ್ಮನೆ ಕೇಳುತ್ತಿರುತ್ತದೆ. ಅಕ್ಕಿ, ಎಣ್ಣಿ, ಉಳ್ಳಾಗಡ್ಡಿ ಎಂಬ ಹೆಸರುಗಳು ಬಂದಾಗ ಎಳೆಯರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ‘ಮೆಣಸಿನಕಾಯಿ’ ಎಂದೊಡನೆ ಹಿರಿಯರ ತುಟಿಯಂಚಿನಲ್ಲಿಯೂ ನಗೆ ಮೂಡುತ್ತದೆ. ಈ ನಗೆಯಲ್ಲಿ ದ್ವೇಷವೇನೂ ಇಲ್ಲ. ಆದರೂ ಇಂಥ ನಗೆಗೆ ಅಂಜಿ ತಲೆತಲಾಂತರದಿಂದ ಬಂದ ಹೆಸರನ್ನು ಬಿಟ್ಟುಬಿಡುವ ಮನೆಗಳು ಇಂದು ಇರುವುದರಿಂದ, ಆ ಹೆಸರಿನ ಮೂಲವೇನು, ಅರ್ಥವೇನು, ಅದು ಯಾವ ನಾಡಿನಲ್ಲಿ ಹೇಗೆ ಬೆಳೆಯಿತು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ. ಇದೇ ಈ ಉಪನ್ಯಾಸದ ವಿಷಯವು.

ಉತ್ತರ ಕರ್ನಾಟಕದ ಜನರು ಮನೆತನದ ಹೆಸರನ್ನು ‘ಅಡ್ಡಹೆಸರು’ ಎಂದು ಕರೆಯುವರು. ಇಂಥ ಹೆಸರುಗಳನ್ನು ಸ್ಥೂಲವಾಗಿ ನಾಲ್ಕು ವರ್ಗ ಮಾಡಬಹುದು. ಊರಿನಿಂದ ಬಂದವು ಮೊದಲನೆಯ ವರ್ಗ: ಹುಬ್ಬಳ್ಳಿ, ಮುಂಡರಗಿ, ಬ್ಯಾಡಗಿ ಮುಂತಾದವು. ಅಧಿಕಾರದಿಂದ ಬಂದವು ಎರಡನೆಯವು: ಪಾಟೀಲ, ದೇಸಾಯಿ, ನಾಡಗೌಡ, ತಳವಾರ ಇತ್ಯಾದಿ. ಮಠಸಂಬಂಧದಿಂದ ಬಂದವು ಮೂರನೆಯವು: ಹಿರೇಮಠ, ಚಿಕ್ಕಮಠ ಮುಂತಾದವು. ಕಸುಬು ಮತ್ತು ಸರಕಿನಿಂದ ಬಂದವು ನಾಲ್ಕನೆಯವು: ಬೆಲ್ಲದ, ತುಪ್ಪದ, ಉಪ್ಪಿನ, ಅಕ್ಕಿ, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಮೊದಲ ಮೂರು ವರ್ಗಗಳು ಮನುಷ್ಯನು ಎಲ್ಲಿಯವನು, ಯಾವ ಪದವಿಯವನು, ಯಾವ ಮಠಕ್ಕೆ ಸೇರಿದವನು ಎಂಬುದನ್ನು ಹೇಳುವವು. ನಾಲ್ಕನೆಯ ವರ್ಗವೊಂದೇ ಅವನು ಏನು ಮಾಡಿ ಬದುಕಿದನೆಂಬುದನ್ನು ಹೇಳುವುದು. ಈ ವರ್ಗದೊಳಗೂ ಮೆಣಸಿನಕಾಯಿ ಎಂಬ ಹೆಸರಿಗೆ ಒಂದು ವಿಶೇಷವಿದೆ. ಅದು ತನ್ನ ವಯಸ್ಸನ್ನು ತಾನೇ ಹೇಳುತ್ತದೆ.

ಈ ಮಾತಿನ ಅಭಿಪ್ರಾಯವನ್ನು ತಿಳಿಯಲು ಮೊದಲು ಶಬ್ದವನ್ನು ಬಿಡಿಸಿ ನೋಡತಕ್ಕದ್ದು. ‘ಮೆಣಸಿನ’ ಎಂಬುದು ಮೆಣಸು ಶಬ್ದದ ಷಷ್ಠೀ ವಿಭಕ್ತಿಯ ರೂಪ. ಅದಕ್ಕೆ ‘ಕಾಯಿ’ ಸೇರಿದೆ. ಮೆಣಸಿನ ಗುಣವುಳ್ಳ ಕಾಯಿ ಎಂಬುದು ತಾತ್ಪರ್ಯ. ಇಲ್ಲಿ ಮೆಣಸೆಂದರೆ ಮಲೆನಾಡಿನ ಬಳ್ಳಿಯಲ್ಲಿ ಗೊಂಚಲಾಗಿ ಬಿಡುವ ಕಾಳು; ಸಂಸ್ಕೃತದಲ್ಲಿ ಇದಕ್ಕೆ ಮರೀಚವೆಂದು ಹೆಸರು. ಪ್ರಾಚೀನ ಕರ್ನಾಟಕದ ಅಡಿಗೆಯಲ್ಲಿ ಖಾರಕ್ಕೆ ಮುಖ್ಯ ಆಧಾರವು ಈ ಕಾಳೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಮನೆಯ ಪಾಕಗಳ ವರ್ಣನೆ ವಿಸ್ತಾರವಾಗಿದೆ. ಅಲ್ಲಿ ಮರೀಚವಿದೆ, ಮೆಣಸಿನಕಾಯಿ ಇಲ್ಲ. ಇರುವುದು ಶಕ್ಯವೂ ಅಲ್ಲ, ಏಕೆಂದರೆ ಆ ಗಿಡವು ಆಗ ಭರತಖಂಡದಲ್ಲಿಯೇ ಇರಲಿಲ್ಲ.

ಮೆಣಸಿನಕಾಯಿಯ ತವರು ಅಮೇರಿಕಾ ಖಂಡ. ಕೊಲಂಬಸನು 1492ರಲ್ಲಿ ಆ ಕಡೆಯ ದ್ವೀಪಗಳನ್ನು ಮುಟ್ಟಿದ ಮೇಲೆ ಅದರ ಬೀಜಗಳು ಸಮುದ್ರವನ್ನು ದಾಟಿದವು. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯ ಸಮೀಪದಲ್ಲಿ ಬಂದಿಳಿದನು. ಪೋರ್ತುಗೀಜರು 1510ರಲ್ಲಿ ಗೋವೆಯನ್ನು ಹಿಡಿದರು. ಇವರ ಹಡಗುಗಳ ಮೂಲಕ 16ನೆಯ ಶತಮಾನದಲ್ಲಿ ಈ ಬೆಳೆಯು ಪಶ್ಚಿಮ ಸಮುದ್ರತೀರಕ್ಕೆ ಬಂದಿತು. ಬಂದವರು ಅರಸಿ ಬಂದದ್ದು ನಮ್ಮ ಕಾಳುಮೆಣಸನ್ನು, ಬಿಟ್ಟುಹೋದದ್ದು ಮೆಣಸಿನಕಾಯಿಯನ್ನು. ಕಾಳುಮೆಣಸಿಗೆ ಮಲೆನಾಡಿನ ನೆರಳೂ ಮಳೆಯೂ ಬೇಕು. ಮೆಣಸಿನಕಾಯಿಯಾದರೋ ಬಯಲುಸೀಮೆಯ ಎರೆಹೊಲದಲ್ಲಿ ಸ್ವಲ್ಪ ಮಳೆಗೇ ಬೆಳೆಯುವುದು. ಬಿಸಿಲಿನಲ್ಲಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡದೆ ಉಳಿಯುವುದು. ಕೊಂಡು ತಿನ್ನಬೇಕಾಗಿದ್ದ ಖಾರವು ಬಡವನ ಹಿತ್ತಲಿಗೇ ಬಂದಂತಾಯಿತು. ರೊಟ್ಟಿಯ ಜೊತೆಗೆ ಕೆಂಪುಖಾರವಿಲ್ಲದ ಊಟವನ್ನು ಧಾರವಾಡ ಸೀಮೆಯವರು ಇಂದು ಊಹಿಸಲಾರರು. ಆದರೆ ಐದಾರು ನೂರು ವರ್ಷಗಳ ಹಿಂದಿನ ಅವರ ಪೂರ್ವಜರು ಆ ರುಚಿಯನ್ನೇ ಅರಿಯರು.

ಹೊಸ ವಸ್ತುವು ಬಂದಾಗ ಜನರು ಹಳೆಯ ಹೆಸರಿನಿಂದಲೇ ಹೊಸ ಹೆಸರನ್ನು ಕಟ್ಟುವುದು ಲೋಕರೂಢಿ. ಸ್ಪೇನದವರು ತಮ್ಮ ಭಾಷೆಯಲ್ಲಿ ಕಾಳುಮೆಣಸಿಗಿದ್ದ ‘ಪಿಮಿಯೆಂತಾ’ ಎಂಬ ಹೆಸರನ್ನೇ ತುಸು ತಿದ್ದಿ ಹೊಸ ಕಾಯಿಗೆ ‘ಪಿಮಿಯೆಂತೊ’ ಎಂದರು. ತಮಿಳರು ತಮ್ಮ ಮಿಳಗು ಶಬ್ದಕ್ಕೆ ಕಾಯಿಯನ್ನು ಸೇರಿಸಿ ಮಿಳಗಾಯ್ ಎಂದರು. ತೆಲುಗರು ಮಿರಪಕಾಯ ಎಂದರು. ಮರಾಠಿಗರಲ್ಲಿ ಮಿರೀ ಎಂಬುದು ಕಾಳಾದರೆ ಮಿರಚೀ ಎಂಬುದು ಕಾಯಿಯಾಯಿತು. ಕನ್ನಡಿಗರು ಅದೇ ಮಾರ್ಗವನ್ನು ಹಿಡಿದರು. ಇದರಿಂದ ಒಂದು ವಿಚಿತ್ರವು ಸಂಭವಿಸಿತು. ಬಂದ ಅತಿಥಿಯು ಮನೆಯ ಯಜಮಾನನ ಹೆಸರನ್ನೇ ತನ್ನದಾಗಿ ಮಾಡಿಕೊಂಡನು. ಯಜಮಾನನು ತನ್ನ ಗುರುತಿಗೆ ಬೇರೆ ವಿಶೇಷಣವನ್ನು ಹುಡುಕಬೇಕಾಯಿತು. ಕಾಳುಮೆಣಸು, ಕರಿಮೆಣಸು ಎಂಬ ಮಾತುಗಳು ಹೀಗೆ ರೂಢಿಗೆ ಬಂದವು. ಕರಾವಳಿಯಲ್ಲಿ ಬರಿಯ ‘ಮೆಣಸು’ ಎಂದರೆ ಮೆಣಸಿನಕಾಯಿಯೇ ಆಗಿ, ಹಳೆಯ ಕಾಳಿಗೆ ‘ಒಳ್ಳೆಮೆಣಸು’ ಎಂದು ಹೇಳುವರು. ತುಳುವರಲ್ಲಿಯೂ ಹಾಗೆಯೇ, ಮುಂಚಿ ಎಂದರೆ ಮೆಣಸಿನಕಾಯಿ, ಎಡ್ಡೆಮುಂಚಿ ಎಂದರೆ ಕಾಳುಮೆಣಸು.

ಇದರಿಂದ ಅಡ್ಡಹೆಸರಿನ ಕಾಲನಿರ್ಣಯಕ್ಕೆ ಒಂದು ಗಟ್ಟಿಯಾದ ಮೇರೆಯು ದೊರೆಯುತ್ತದೆ. ಅಕ್ಕಿ ಎಂಬ ಮನೆತನದ ಹೆಸರು ಸಾವಿರ ವರ್ಷದ್ದಾಗಿರಬಹುದು, ನೂರು ವರ್ಷದ್ದಾಗಿರಬಹುದು. ಶಬ್ದವನ್ನು ನೋಡಿ ಅದನ್ನು ನಿರ್ಣಯಿಸಲಾಗದು. ಮೆಣಸಿನಕಾಯಿ ಎಂಬುದು 16ನೆಯ ಶತಮಾನಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಬೆಳೆಯು ಕರಾವಳಿಯಿಂದ ಘಟ್ಟವನ್ನೇರಿ, ಬಯಲುಸೀಮೆಯಲ್ಲಿ ಹಬ್ಬಿ, ಪೇಟೆಯ ಸರಕಾಗಿ, ಅದರ ವ್ಯಾಪಾರದಿಂದಲೇ ಒಂದು ಮನೆತನವು ಗುರುತಿಸಲ್ಪಡುವಷ್ಟು ಬಲಿಯಬೇಕಾದರೆ ಇನ್ನಷ್ಟು ಕಾಲವು ಹಿಡಿಯಬೇಕು. ಆದುದರಿಂದ ಈ ಹೆಸರಿನ ಮನೆತನದವರು ತಮ್ಮ ಅಡ್ಡಹೆಸರು ಕಲ್ಯಾಣದ ಶರಣರ ಕಾಲದ್ದೆಂದು ಹೇಳಿಕೊಳ್ಳಲಾಗದು. ಹಳಮೆಯನ್ನು ಹೊಗಳುವ ಭರದಲ್ಲಿ ಸತ್ಯವನ್ನು ಬಿಡಬಾರದು. ಮನೆತನವು ಹೆಸರಿಗಿಂತ ಹಳೆಯದಿರಬಹುದು. ಹೆಸರು ಮಾತ್ರ ನಡುವೆ ಬಂದುದು.

ಇನ್ನು ಸರಕಿನ ಹೆಸರು ಮನುಷ್ಯನ ಹೆಸರಾಗುವ ಬಗೆ ಹೇಗೆ? ಶಬ್ದಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಮೂರು ದಾರಿಗಳುಂಟು. ಮೊದಲನೆಯದು ತದ್ಧಿತಪ್ರತ್ಯಯದ ದಾರಿ: ಬಳೆಯನ್ನು ಮಾರುವವನು ಬಳೆಗಾರ, ಹೂವನ್ನು ಮಾರುವವನು ಹೂವಾಡಿಗ. ಎರಡನೆಯದು ಷಷ್ಠಿಯ ದಾರಿ: ಬೆಲ್ಲದ, ತುಪ್ಪದ, ಉಪ್ಪಿನ. ಇಲ್ಲಿ ‘ಮನೆಯವರು’ ಎಂಬ ಶಬ್ದವು ಮರೆಯಾಗಿ, ವಿಭಕ್ತಿಯು ಮಾತ್ರ ಉಳಿದಿದೆ. ಮೂರನೆಯದು ಯಾವ ಪ್ರತ್ಯಯವೂ ಇಲ್ಲದೆ ಸರಕಿನ ಹೆಸರೇ ಮನುಷ್ಯನಿಗೆ ಸಲ್ಲುವ ದಾರಿ: ಅಕ್ಕಿ, ಎಣ್ಣಿ, ಮೆಣಸಿನಕಾಯಿ. ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದು ಹೊಸದಲ್ಲ. ‘ಕುಂತಾಃ ಪ್ರವಿಶಂತಿ’ ಎಂದರೆ ಈಟಿಗಳು ಒಳಗೆ ಬರುತ್ತಿವೆ ಎಂದಲ್ಲ, ಈಟಿಯನ್ನು ಹಿಡಿದವರು ಬರುತ್ತಿದ್ದಾರೆ ಎಂದು ಅರ್ಥ. ಇದಕ್ಕೆ ಲಕ್ಷಣಾವೃತ್ತಿ ಎಂದು ಹೆಸರು. ಶಾಸ್ತ್ರವನ್ನು ಓದದ ಸಂತೆಯ ಜನರೂ ಇದನ್ನು ನಿತ್ಯವೂ ಪ್ರಯೋಗಿಸುವರು. ಬುಟ್ಟಿ ಹೊತ್ತು ಹೋಗುತ್ತಿರುವವನನ್ನು ‘ಏ ಬಾಳೆಹಣ್ಣು, ಬಾ ಇಲ್ಲಿ’ ಎಂದು ಕೂಗುವ ಗೃಹಿಣಿಯು ಲಕ್ಷಣೆಯನ್ನೇ ಬಳಸುತ್ತಾಳೆ. ಹಾಗೆ ಒಂದು ದಿನ ಕೂಗಿದ ಹೆಸರು ಆ ದಿನಕ್ಕೆ ಮುಗಿಯುತ್ತದೆ. ತಂದೆಯ ಅಂಗಡಿಯಲ್ಲಿ ಮಗನು ಕುಳಿತು, ಮಗನ ಅಂಗಡಿಯಲ್ಲಿ ಮೊಮ್ಮಗನು ಕುಳಿತಾಗ ಅದು ಮನೆತನದ ಹೆಸರಾಗಿ ನಿಲ್ಲುತ್ತದೆ.

ಆ ಮೂಲಪುರುಷನು ಮೆಣಸಿನಕಾಯಿಯನ್ನು ಬೆಳೆದವನೇ, ಕೊಂಡು ಮಾರಿದವನೇ, ದಲಾಲಿ ಮಾಡಿದವನೇ, ಅಥವಾ ಮಾತಿನ ಖಾರದಿಂದ ಊರವರ ಪರಿಹಾಸದ ಹೆಸರನ್ನು ಪಡೆದವನೇ ಎಂಬ ಪ್ರಶ್ನೆಯು ಏಳಬಹುದು. ನಾಲ್ಕೂ ಸಾಧ್ಯವೇ. ಆದರೆ ಅಕ್ಕಿ, ಎಣ್ಣಿ, ಉಪ್ಪು, ಬೆಲ್ಲ, ಹತ್ತಿಗಳ ಸಾಲಿನಲ್ಲಿಯೇ ಈ ಹೆಸರು ಇರುವುದರಿಂದ ವ್ಯಾಪಾರದ ಸಂಬಂಧವೇ ಹೆಚ್ಚು ಯುಕ್ತವಾಗಿ ತೋರುತ್ತದೆ. ಬೆಳೆಯುವವರು ಊರಲ್ಲಿ ನೂರು ಜನರಿದ್ದಾಗ ಬೆಳೆಯಿಂದ ಒಬ್ಬನನ್ನು ಗುರುತಿಸಲಾಗದು. ಮಾರುವವನು ಒಬ್ಬನೋ ಇಬ್ಬರೋ ಇದ್ದಾಗ ಸರಕಿನಿಂದ ಗುರುತಿಸುವುದು ಸಹಜ. ಹೆಸರಿನ ಕೆಲಸವೇ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ತೋರಿಸುವುದಲ್ಲವೇ? ಇಂಥ ಸರಕಿನ ಹೆಸರುಗಳು ಒಂದೇ ಮತದವರಲ್ಲಿ ಇರುವುವೆಂದೂ ತಿಳಿಯಬಾರದು. ಲಿಂಗಾಯತರಲ್ಲಿ ಅವು ವಿಶೇಷವಾಗಿದ್ದರೂ ಇತರ ಸಮಾಜದವರಲ್ಲಿಯೂ ಇರುತ್ತವೆ. ಪೇಟೆಯಲ್ಲಿ ತಕ್ಕಡಿಯು ಎಲ್ಲರಿಗೂ ಒಂದೇ.

ಹೆಸರು ಬಾಯಲ್ಲಿ ಹುಟ್ಟುವುದು ಬೇರೆ, ಕಾಗದದಲ್ಲಿ ನೆಲೆಗೊಳ್ಳುವುದು ಬೇರೆ. 1818ರಲ್ಲಿ ಪೇಶ್ವೆಯರ ಆಳಿಕೆಯು ಕೊನೆಗೊಂಡು ಧಾರವಾಡದ ಸೀಮೆಯು ಇಂಗ್ಲಿಷರ ಕೈಸೇರಿ, ಅನಂತರ ಮುಂಬಯಿ ಆಧಿಪತ್ಯಕ್ಕೆ ಒಳಪಟ್ಟಿತು. 1840ರ ದಶಕದಲ್ಲಿ ಇಲ್ಲಿ ಭೂಮಿಯ ಮೋಜಣಿಯು ನಡೆದು ಹೊಲಗಳಿಗೆ ನಂಬರುಗಳೂ ಖಾತೆದಾರರ ಹೆಸರುಗಳೂ ದಾಖಲಾದವು. ತರುವಾಯ ಶಾಲೆಯ ದಾಖಲೆ, ಕೋರ್ಟಿನ ದಾವೆ, ಸಾಲದ ಪತ್ರ ಎಲ್ಲಕ್ಕೂ ಗೊತ್ತಾದ ಹೆಸರು ಬೇಕಾಯಿತು. ಮುಂಬಯಿ ಸರಕಾರದ ಪದ್ಧತಿಯಂತೆ ಮೊದಲು ಸ್ವಂತ ಹೆಸರು, ಬಳಿಕ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಊರವರ ಬಾಯಲ್ಲಿ ಆಡುತ್ತಿದ್ದ ಹೆಸರುಗಳು ಹೀಗೆ ಮಸಿಯಲ್ಲಿ ಮೂಡಿ ಅಚಲವಾದವು. ಹಳೆಯ ಮೈಸೂರು ಸೀಮೆಯಲ್ಲಾದರೋ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರಗಳನ್ನು ಸ್ವಂತ ಹೆಸರಿನ ಹಿಂದೆ ಇಡುವುದು ರೂಢಿಯಾಯಿತು. ಅಲ್ಲಿಯೂ ಮೆಣಸಿನಕಾಯಿಯ ವ್ಯಾಪಾರಿಗಳು ಇಲ್ಲದಿರಲಿಲ್ಲ; ಆದರೆ ಹೆಸರು ನಿಲ್ಲಲು ಬೇಕಾದ ಸ್ಥಳವು ಕಾಗದದಲ್ಲಿರಲಿಲ್ಲ. ಆದುದರಿಂದಲೇ ಸರಕಿನ ಅಡ್ಡಹೆಸರುಗಳು ಮುಂಬಯಿ ಕರ್ನಾಟಕದಲ್ಲಿ ಹೇರಳವಾಗಿಯೂ ಮೈಸೂರಿನ ಕಡೆಗೆ ವಿರಳವಾಗಿಯೂ ಇರುವುವು. 1956ರ ನವೆಂಬರ 1ರಂದು ಕನ್ನಡನಾಡು ಒಂದಾದ ಮೇಲೂ ಈ ಎರಡು ಪದ್ಧತಿಗಳು ಹಾಗೆಯೇ ಉಳಿದಿವೆ. ಬೆಂಗಳೂರಿನ ಕಚೇರಿಯಲ್ಲಿ ಮೆಣಸಿನಕಾಯಿ ಎಂಬ ಹೆಸರನ್ನು ಕೇಳಿದವನು ‘ಯಾವ ಊರು?’ ಎಂದು ಕೇಳುವುದಿಲ್ಲ, ‘ಧಾರವಾಡದ ಕಡೆಯವರೇ?’ ಎಂದು ಕೇಳುತ್ತಾನೆ.

ಈ ಹೆಸರು ಆ ಸೀಮೆಯಲ್ಲಿ ಬೇರೂರಿದ್ದಕ್ಕೆ ಅಲ್ಲಿಯ ನೆಲವೂ ಕಾರಣವಾಗಿದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಎರೆಭೂಮಿಯಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯು ಲೋಕಪ್ರಸಿದ್ಧವಾದುದು. ಬ್ಯಾಡಗಿ ಪಟ್ಟಣವು ಮೊದಲು ಧಾರವಾಡ ಜಿಲ್ಲೆಯಲ್ಲಿದ್ದು, 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಕಡ್ಡಿ ಮತ್ತು ಡಬ್ಬಿ ಎಂಬವು ಈ ಕಾಯಿಯ ಎರಡು ಬಗೆಗಳು. ಕಡ್ಡಿಯು ಉದ್ದವಾಗಿಯೂ ಸಪೂರವಾಗಿಯೂ ಇರುವುದು. ಡಬ್ಬಿಯು ಗಿಡ್ಡವಾಗಿಯೂ ತೋರವಾಗಿಯೂ ಇರುವುದು. ಎರಡರ ಮೈಯೂ ಸುಕ್ಕುಸುಕ್ಕು. ಬಣ್ಣವು ಗಾಢವಾದ ಕೆಂಪು. ಖಾರ ಮಾತ್ರ ಮಿತವಾದುದು. ಬಣ್ಣವನ್ನು ತೆಗೆದು ಪರದೇಶಗಳಿಗೆ ಕಳುಹಿಸುವ ಉದ್ಯಮವೂ ಅದರಿಂದ ಬೆಳೆದಿದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆಯಿತು. ನೋಟಕ್ಕೆ ಉರಿಯಂತಿದ್ದು ನಾಲಗೆಗೆ ಸೌಮ್ಯವಾಗಿರುವ ಈ ಕಾಯಿಯನ್ನು ಬಲ್ಲವರು, ಮೆಣಸಿನಕಾಯಿ ಎಂಬ ಹೆಸರಿನವನನ್ನು ಕೋಪಿಷ್ಠನೆಂದು ಹಾಸ್ಯ ಮಾಡುವುದಕ್ಕೆ ಮುನ್ನ ಸ್ವಲ್ಪ ಯೋಚಿಸಬೇಕು! ನೆಲದ ಹೆಸರಿಗೆ ಸರಕಾರವು ರಕ್ಷಣೆ ಕೊಟ್ಟಿತು. ಆ ನೆಲದ ಬೆಳೆಯನ್ನು ಹೊತ್ತು ಸಂತೆಯಿಂದ ಸಂತೆಗೆ ತಿರುಗಿದ ಮನುಷ್ಯರ ಹೆಸರಿಗೆ ರಕ್ಷಣೆ ಕೊಡಬೇಕಾದವರು ಮನೆಯವರೇ.

ಆದರೆ ನಡೆಯುತ್ತಿರುವುದು ಬೇರೆ. ಪಟ್ಟಣಗಳ ಶಾಲೆಯಲ್ಲಿ ಗೆಳೆಯರು ಹಾಸ್ಯ ಮಾಡುತ್ತಾರೆಂದು ಮಗುವು ಅಳುತ್ತ ಬರುತ್ತದೆ. ತಂದೆತಾಯಿಗಳು ಮಗುವಿನ ದಾಖಲೆಯಿಂದ ಅಡ್ಡಹೆಸರನ್ನು ತೆಗೆದು, ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಹಾಕಿಸುತ್ತಾರೆ. ಪರದೇಶಕ್ಕೆ ಹೋದವರಿಗೆ ಇನ್ನೊಂದು ತೊಡಕು. ಇಂಗ್ಲಿಷ್ ಲಿಪಿಯಲ್ಲಿ ಣಕಾರ ನಕಾರಗಳಿಗೆ ಭೇದವಿಲ್ಲದ್ದರಿಂದಲೂ, ಕೊನೆಯ ಅಕ್ಷರವನ್ನು ಒಬ್ಬೊಬ್ಬರು ಒಂದೊಂದು ಪರಿಯಲ್ಲಿ ಬರೆಯುವುದರಿಂದಲೂ ಒಂದೇ ಮನೆಯ ಅಣ್ಣತಮ್ಮಂದಿರು ಕಾಗದದಲ್ಲಿ ಬೇರೆ ಬೇರೆ ಮನೆತನದವರಾಗಿಬಿಡುತ್ತಾರೆ. ಕಂಠಕ್ಕೆ ಸುಲಭವಾಗಲೆಂದು ಹೆಸರನ್ನು ಕತ್ತರಿಸಿ ಅರ್ಧ ಮಾಡಿಕೊಂಡವರ ಮೊಮ್ಮಕ್ಕಳಿಗೆ ಆ ಅರ್ಧದ ಅರ್ಥವನ್ನು ಹೇಳುವವರು ಯಾರು? ಹೆಸರನ್ನು ಬದಲಿಸುವ ಸ್ವಾತಂತ್ರ್ಯವು ಎಲ್ಲರಿಗೂ ಉಂಟು. ಆದರೆ ಬಿಡುವುದಕ್ಕಿಂತ ಮೊದಲು ಬಿಡುತ್ತಿರುವುದೇನೆಂಬುದನ್ನು ತಿಳಿದಿರಬೇಕು.

ಇಲ್ಲಿ ಶರಣರ ಮಾರ್ಗವನ್ನು ಸ್ಮರಿಸುವುದು ಅಪ್ರಸ್ತುತವಲ್ಲ. ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮಾದಾರ ಚೆನ್ನಯ್ಯ, ಹಡಪದ ಅಪ್ಪಣ್ಣ, ಮೋಳಿಗೆಯ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮಮ್ಮ – ಈ ಹೆಸರುಗಳನ್ನು ಬಿಡಿಸಿ ನೋಡಿದರೆ ಹಗ್ಗವೂ ದೋಣಿಯೂ ಬಟ್ಟೆಯೂ ತೊಗಲೂ ಎಲೆಯಡಿಕೆಯ ಚೀಲವೂ ಸೌದೆಯ ಹೊರೆಯೂ ನೆಲದಿಂದ ಆಯ್ದ ಅಕ್ಕಿಯೂ ಭತ್ತವನ್ನು ಕುಟ್ಟುವ ಒನಕೆಯೂ ಕಣ್ಣ ಮುಂದೆ ನಿಲ್ಲುವವು. ಇವರಲ್ಲಿ ಯಾರೂ ಅನುಭಾವಿಗಳಾದ ಮೇಲೆ ಕಸುಬಿನ ಹೆಸರನ್ನು ಕಳೆದುಕೊಳ್ಳಲಿಲ್ಲ. ಕಾಯಕವು ಪವಿತ್ರವೆಂಬ ತತ್ತ್ವವು ವಚನಗಳಲ್ಲಿ ಎಷ್ಟಿದೆಯೋ ಅಷ್ಟೇ ಈ ಹೆಸರುಗಳಲ್ಲಿಯೂ ಇದೆ. ‘ನುಲಿಯ’, ‘ಹಡಪದ’ ಎಂಬ ಷಷ್ಠೀರೂಪವೇ ‘ಬೆಲ್ಲದ’, ‘ತುಪ್ಪದ’ ಎಂಬ ಅಡ್ಡಹೆಸರುಗಳಲ್ಲಿಯೂ ಕಾಣುವುದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಮೆಣಸಿನಕಾಯಿಯು ಶರಣರ ಕಾಲದ್ದಲ್ಲವೆಂಬುದನ್ನು ಮೇಲೆ ಹೇಳಿದೆ. ಅದರಿಂದ ಕುಂದೇನೂ ಇಲ್ಲ. ಸಮುದ್ರದಾಚೆಯಿಂದ ನಿನ್ನೆ ಬಂದ ಬೆಳೆಯನ್ನು ಮಾರಿದವನನ್ನೂ ಜನರು ಅವನ ದುಡಿಮೆಯಿಂದಲೇ ಕರೆದರೆಂದರೆ, ಕಸುಬಿನಿಂದ ಮನುಷ್ಯನನ್ನು ಗುರುತಿಸುವ ಆ ಹಳೆಯ ರೂಢಿಯು ನೂರಾರು ವರ್ಷ ಬತ್ತದೆ ಹರಿದು ಬಂದಿತೆಂದೇ ತಿಳಿಯಬೇಕು.

ಪಾಟೀಲಕಿಯ ಅಧಿಕಾರವು ಇಂದು ಇಲ್ಲ, ದೇಸಗತಿಯೂ ಇಲ್ಲ. ಆದರೂ ಆ ಹೆಸರುಗಳನ್ನು ಗೌರವದಿಂದ ಇಟ್ಟುಕೊಂಡಿರುವರು. ಅಧಿಕಾರದ ಹೆಸರಿಗೆ ಸಲ್ಲುವ ಗೌರವವು ದುಡಿಮೆಯ ಹೆಸರಿಗೆ ಸಲ್ಲದಿದ್ದರೆ, ಕಾಯಕದ ಮಾತು ನಾಲಗೆಯ ಮೇಲೆ ಮಾತ್ರ ಉಳಿಯಿತೆಂದು ಹೇಳಬೇಕಾದೀತು. ಆದುದರಿಂದ ಇಂಥ ಹೆಸರಿಗೆ ನಗುವವರು ತಾವು ಯಾವುದಕ್ಕೆ ನಗುತ್ತಿರುವೆವೆಂದು ಒಮ್ಮೆ ವಿಚಾರ ಮಾಡತಕ್ಕದ್ದು. ಹೆಸರಿನವರಾದರೋ ಮಗುವು ಅಳುತ್ತ ಬಂದಾಗ ಹೆಸರನ್ನು ಅಳಿಸುವುದರ ಬದಲು ಅದರ ಕಥೆಯನ್ನು ಹೇಳಬೇಕು. ಸಾಗರವನ್ನು ದಾಟಿ ಬಂದ ಬೀಜದ ಕಥೆ, ಕಾಳಿನ ಹೆಸರನ್ನು ಕಾಯಿಯು ಗೆದ್ದ ಕಥೆ, ಒಣಗಿದ ಕೆಂಪು ಕಾಯಿಯ ಚೀಲಗಳನ್ನು ಗಾಡಿಯಲ್ಲಿ ಹೇರಿಕೊಂಡು ಪೇಟೆಗೆ ಹೋದ ಹಿರಿಯರ ಕಥೆ ಯಾವ ಮಗುವಿಗೆ ಬೇಡ?

ಕಥೆಯನ್ನು ಹೇಳಬೇಕಾದರೆ ಅದನ್ನು ಕೂಡಿಡಬೇಕು. ಇದಕ್ಕೆ ಸಾಧನಗಳು ಮನೆಯಲ್ಲಿಯೇ ಇವೆ. ಅಟ್ಟದ ಮೇಲಿನ ಹಳೆಯ ಕಿರ್ದಿ ಖಾತೆಗಳನ್ನು ರದ್ದಿಗೆ ಹಾಕದೆ ತೆರೆದು ನೋಡಿರಿ; ಯಾವ ಸರಕು, ಯಾವ ಊರು, ಯಾವ ವರ್ಷ ಎಂಬುದು ಅಲ್ಲಿರುತ್ತದೆ. ಹೊಲದ ಹಳೆಯ ಉತಾರಗಳನ್ನು ತೆಗೆಯಿಸಿದರೆ ಅಡ್ಡಹೆಸರು ಮೊದಲು ಕಾಗದಕ್ಕೆ ಬಂದ ಕಾಲವು ಗೊತ್ತಾಗಬಹುದು. ಎಲ್ಲಕ್ಕಿಂತ ಮಿಗಿಲಾಗಿ ಹೆಳವರಿದ್ದಾರೆ. ಎತ್ತಿನ ಮೇಲೆ ಕುಳಿತು ಮನೆಯ ಮುಂದೆ ನಿಂತು, ಆ ಮನೆಯ ಮೂಲಪುರುಷನಿಂದ ಮೊದಲುಗೊಂಡು ತಲೆತಲೆಗಳ ಹೆಸರು, ಮೂಲದ ಊರು, ಬೆಡಗು, ಮನೆದೇವರು ಎಲ್ಲವನ್ನೂ ಹೇಳುವವರು ಅವರು. ಕಾಳುಕಡಿಗಳನ್ನೂ ಬಟ್ಟೆಯನ್ನೂ ಪಡೆದು ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಹೊತ್ತಿಗೆಯಲ್ಲಿ ಬರೆದುಕೊಂಡು ಹೋಗುವುದು ಅವರ ವೃತ್ತಿ. ಮಕ್ಕಳು ಪಟ್ಟಣ ಸೇರಿ ಹಳ್ಳಿಯ ಮನೆಗೆ ಬೀಗ ಬಿದ್ದಾಗ ಹೆಳವನು ಬಂದು ಬಾಗಿಲನ್ನು ನೋಡಿ ಹಿಂದಿರುಗುತ್ತಾನೆ. ಆ ಮನೆತನದ ಎಳೆಯು ಅಲ್ಲಿಗೆ ಕಡಿಯುತ್ತದೆ. ಅವನು ಬಂದ ದಿನ ಒಂದು ಸೇರು ಜೋಳವನ್ನು ಹಾಕಿ ಕಳುಹಿಸಿಬಿಡದೆ, ಕೂಡ್ರಿಸಿ, ಕೇಳಿ, ಬರೆದುಕೊಳ್ಳುವುದು ಉಚಿತ. ಹೀಗೆ ಬರೆಯುವಾಗ ಮನೆಗೆ ಬಂದ ಸೊಸೆಯರ ತವರಿನ ಅಡ್ಡಹೆಸರುಗಳನ್ನೂ ಬರೆಯುವುದು ಅವಶ್ಯ. ಮದುವೆಯಾದ ದಿನವೇ ತವರಿನ ಹೆಸರನ್ನು ಕಳೆದುಕೊಂಡ ತಾಯಂದಿರಿಂದ ಅರ್ಧ ಚರಿತ್ರೆಯೇ ಮರೆಯಾಗಿದೆ.

ಇಂಗ್ಲಿಷಿನಲ್ಲಿ ಹೆಸರನ್ನು ಹೇಗೆ ಬರೆಯಬೇಕೆಂಬುದನ್ನು ಮನೆಯವರೆಲ್ಲರೂ ಕೂಡಿ ಒಂದೇ ರೀತಿಯಾಗಿ ನಿಶ್ಚಯಿಸಿಕೊಂಡರೆ ಕಾಗದಪತ್ರಗಳ ತೊಂದರೆಯೂ ತಪ್ಪುವುದು. ಕನ್ನಡದಲ್ಲಾದರೋ ನಿಶ್ಚಯಿಸುವುದೇನೂ ಇಲ್ಲ. ಆರು ಅಕ್ಷರದ ಆ ಹೆಸರು ಎಲ್ಲಿಯೂ ಕುಂದಿಲ್ಲದೆ, ಉಚ್ಚರಿಸಿದಂತೆ ಬರೆದು ಬರೆದಂತೆ ಉಚ್ಚರಿಸಲು ಬರುವಂತೆ ನಿಂತಿದೆ. ತಾಮ್ರಪಟಗಳನ್ನೂ ಶಾಸನಗಳನ್ನೂ ಬಿಟ್ಟುಹೋದವರು ಅರಸರು. ದುಡಿದು ಉಂಡ ಜನರಿಗೆ ಅಂಥ ಅನುಕೂಲವಿರಲಿಲ್ಲ. ಅವರು ಬಿಟ್ಟುಹೋದ ಶಾಸನವು ಈ ಅಡ್ಡಹೆಸರೇ. ಅದನ್ನು ಓದಬಲ್ಲವರು ಇರುವವರೆಗೆ ಅದು ಬಾಳುವುದು. ಈ ನಾಡಿನ ಸದ್ಭಕ್ತರು ತಮ್ಮ ತಮ್ಮ ಮನೆಯ ಶಾಸನವನ್ನು ಓದಿ, ಮಕ್ಕಳಿಂದಲೂ ಓದಿಸಿ, ತಲೆಯೆತ್ತಿ ಹೇಳುವಂತಾಗಲಿ.

ಶಿವಂ ಭವತು.